ಒಪ್ಪಿಕೊಂಡ ತಪ್ಪಿಗೆ ಬೆಲೆಯೆಷ್ಟು?

ಮನುಷ್ಯನು ಆಡುವ ಮಾತುಗಳಲ್ಲಿ ‘ತಪ್ಪಾಯಿತು’ ಎಂಬುದು ಬಹು ಚಿಕ್ಕದು. ಆದರೆ ಅದರ ಭಾರ ಆಡುವವನಿಗೆ ಗೊತ್ತು. ಮನೆಯಲ್ಲಿ ಮಗು ಆ ಮಾತನ್ನಾಡಿದರೆ ತಾಯಿ ಎತ್ತಿದ ಕೈ ಕೆಳಗಿಳಿಯುತ್ತದೆ. ದೇವರ ಸನ್ನಿಧಿಯಲ್ಲಿ ಆಡಿ ತಪ್ಪುಕಾಣಿಕೆಯನ್ನಿಟ್ಟರೆ ಮನಸ್ಸು ಹಗುರಾಗುತ್ತದೆ. ಊರ ಹಿರಿಯರೆದುರು ಆಡಿ ತಪ್ಪುದಂಡವನ್ನು ತೆತ್ತರೆ ಮುರಿದ ನಂಟು ಮತ್ತೆ ಕೂಡಿಕೊಳ್ಳುತ್ತದೆ. ಇದೇ ಮಾತನ್ನು ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಆಡಿದರೆ ಏನಾಗುತ್ತದೆ? ಅಲ್ಲಿ ಈ ಮಾತಿಗೊಂದು ಬೆಲೆಯುಂಟೆ? ಉಂಟಾದರೆ ಆ ಬೆಲೆಯನ್ನು ಗೊತ್ತುಮಾಡುವವರು ಯಾರು? ಮಾದಕ ಪದಾರ್ಥಗಳ ಮೊಕದ್ದಮೆಗಳನ್ನು ಕುರಿತು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಈ ಪ್ರಶ್ನೆಯ ಕಡೆಗೇ ತಿರುಗುತ್ತದೆ. ಇಂದು ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ನಾನು ವಕೀಲನಲ್ಲ, ಪೋಲೀಸ್ ಇಲಾಖೆಯವನೂ ಅಲ್ಲ. ಬೇರೆ ಬೇರೆ ಕೆಲಸಗಳ ನಿಮಿತ್ತ ಭಟಕಳ, ಹೊನ್ನಾವರ, ಕುಮಟೆಗಳ ಕಚೇರಿಗಳ ಜಗಲಿಯಲ್ಲಿ ಹೊತ್ತು ಕಳೆದವನು. ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು ಕಂಡದ್ದನ್ನೂ ಕೇಳಿದ್ದನ್ನೂ ಆಮೇಲೆ ಕಾಯಿದೆಯ ಪುಸ್ತಕಗಳಲ್ಲಿ ತಾಳೆ ನೋಡಿದವನು, ಅಷ್ಟೆ. ಉತ್ತರ ಕನ್ನಡದ ಈ ಮೂರು ತಾಲೂಕುಗಳು ಒಂದೇ ಹೆದ್ದಾರಿಯ ಮೇಲೆ ಸಾಲಾಗಿವೆ. ಕುಮಟಾ ತಾಲೂಕಿನ ಗೋಕರ್ಣಕ್ಕೆ ಮಹಾಬಲೇಶ್ವರನ ದರ್ಶನಕ್ಕಾಗಿ ಯಾತ್ರಿಕರು ಬರುತ್ತಿದ್ದುದು ತಲೆತಲಾಂತರದ ಸಂಗತಿ. ಕುಡ್ಲೆ, ಓಂ ಮೊದಲಾದ ಕಡಲ ದಂಡೆಗಳನ್ನು ಅರಸಿ ದೇಶವಿದೇಶಗಳ ಪ್ರವಾಸಿಗಳು ಬರತೊಡಗಿದ್ದು ಈಚಿನದು. ಅವರ ಬೆನ್ನಿಗೆ ಗಾಂಜಾ, ಚರಸ್ಸುಗಳ ವ್ಯಾಪಾರವೂ ಬಂದಿತು. ಪತ್ರಿಕೆಯ ಜಿಲ್ಲೆಯ ಪುಟದಲ್ಲಿ ‘ಗಾಂಜಾ ವಶ, ಆರೋಪಿಯ ಬಂಧನ’ ಎಂದು ನಾಲ್ಕು ಸಾಲಿನ ಸುದ್ದಿ ಬರುವುದು ಇಂದು ಯಾರಿಗೂ ಹೊಸದಲ್ಲ. ಬಂಧನವಾದ ಮೇಲೆ ಏನಾಯಿತೆಂಬ ಸುದ್ದಿ ಮಾತ್ರ ಅಪರೂಪ. ನಿಜವಾದ ಕಥೆ ಮೊದಲಾಗುವುದು ಅಲ್ಲಿಂದಲೇ.

ತಕ್ಕಡಿಯ ನ್ಯಾಯ

ನಮ್ಮ ದೇಶದಲ್ಲಿ ಈ ಮೊಕದ್ದಮೆಗಳೆಲ್ಲ ೧೯೮೫ರ ಮಾದಕ ದ್ರವ್ಯ ಹಾಗೂ ಮನಃಪ್ರಭಾವಿ ಪದಾರ್ಥಗಳ ಕಾಯಿದೆಯ ಕೆಳಗೆ ನಡೆಯುತ್ತವೆ. ಅದು ಜಾರಿಗೆ ಬಂದದ್ದು ಆ ವರ್ಷದ ನವೆಂಬರ್ ೧೪ರಂದು. ೨೦೦೧ರ ಅಕ್ಟೋಬರ್ ೨ರಿಂದ ಜಾರಿಯಾದ ತಿದ್ದುಪಡಿಯು ಶಿಕ್ಷೆಯನ್ನು ಪದಾರ್ಥದ ತೂಕಕ್ಕೆ ಕಟ್ಟಿಹಾಕಿತು. ಅಂದಿನಿಂದ ಪ್ರತಿಯೊಂದು ಪದಾರ್ಥಕ್ಕೂ ಎರಡು ಗೆರೆಗಳು: ಒಂದು ಕಿರು ಪ್ರಮಾಣದ್ದು, ಇನ್ನೊಂದು ವಾಣಿಜ್ಯ ಪ್ರಮಾಣದ್ದು. ಗಾಂಜಾಕ್ಕೆ ಈ ಗೆರೆಗಳು ೧ ಕಿಲೋ ಮತ್ತು ೨೦ ಕಿಲೋ; ಚರಸ್ಸಿಗೆ ೧೦೦ ಗ್ರಾಂ ಮತ್ತು ೧ ಕಿಲೋ; ಹೆರಾಯಿನಿಗೆ ೫ ಗ್ರಾಂ ಮತ್ತು ೨೫೦ ಗ್ರಾಂ.

ಗಾಂಜಾದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕೆಳಗಿನ ಗೆರೆಯೊಳಗೆ ಇದ್ದರೆ ಹೆಚ್ಚೆಂದರೆ ೧ ವರ್ಷದ ಕಠಿಣ ಸೆರೆವಾಸ, ಅಥವಾ ೧೦,೦೦೦ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ೨೦೧೪ರ ತಿದ್ದುಪಡಿಗೆ ಮುಂಚೆ ಈ ಸೆರೆವಾಸದ ಮಿತಿ ೬ ತಿಂಗಳಾಗಿತ್ತು. ಎರಡು ಗೆರೆಗಳ ನಡುವೆ ಬಿದ್ದರೆ ೧೦ ವರ್ಷಗಳವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಮೇಲಿನ ಗೆರೆಯನ್ನು ದಾಟಿದರೆ ೧೦ ವರ್ಷಗಳಿಗೆ ಕಡಿಮೆಯಿಲ್ಲದೆ ೨೦ ವರ್ಷಗಳವರೆಗೆ ಸೆರೆ. ದಂಡವೂ ಒಂದು ಲಕ್ಷಕ್ಕೆ ಕಡಿಮೆಯಿಲ್ಲ. ಬಂದರಿನಲ್ಲಿ ಮೀನು ತೂಗುವಾಗ ನೂರು ಗ್ರಾಮಿನ ಹೆಚ್ಚುಕಡಿಮೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ತಕ್ಕಡಿಯಲ್ಲಾದರೋ ಅದೇ ನೂರು ಗ್ರಾಮು ಒಂದು ವರ್ಷವನ್ನು ಹತ್ತು ವರ್ಷವನ್ನಾಗಿ ಮಾಡಬಲ್ಲುದು.

ಇದರ ಮೇಲೆ ಇನ್ನೂ ಎರಡು ಬಿಗಿಗಳಿವೆ. ವಾಣಿಜ್ಯ ಪ್ರಮಾಣದ ಆರೋಪಿಗೆ ಜಾಮೀನು ದೊರೆಯಬೇಕಾದರೆ, ಅವನು ನಿರಪರಾಧಿಯೆಂದು ನಂಬಲು ಸಕಾರಣವಿದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಶಿಕ್ಷೆಯಾದ ಬಳಿಕ, ಇತರ ಕೈದಿಗಳಿಗೆ ಸನ್ನಡತೆಗಾಗಿ ಸಿಕ್ಕುವ ಮಾಫಿಯೂ ಈ ಕಾಯಿದೆಯ ಕೈದಿಗಳಿಗೆ ಇಲ್ಲ. ಮಾದಕ ಪದಾರ್ಥವನ್ನು ಸೇವಿಸಿದ್ದಕ್ಕಾಗಿ ಮಾತ್ರ ಶಿಕ್ಷೆಗೊಳಗಾದವನು ಇದಕ್ಕೆ ಅಪವಾದ.

ಹೀಗೆ ತೂಕವೇ ಎಲ್ಲವನ್ನೂ ನಿರ್ಣಯಿಸುವಲ್ಲಿ, ‘ನಾನು ಮಾಡಿದ್ದು ತಪ್ಪು’ ಎಂಬ ಮಾತಿಗೆ ಉಳಿದ ಸ್ಥಳವೆಷ್ಟು?

ಮೂರು ಮೆಟ್ಟಿಲ ಇಳಿಕೆ

ಈ ಪ್ರಶ್ನೆಗೆ ಅಂಕಿಗಳಲ್ಲಿಯೇ ಉತ್ತರ ಬರೆದಿಟ್ಟ ದೇಶವೊಂದಿದೆ. ಅಮೆರಿಕದಲ್ಲಿ ರಾಜ್ಯಗಳ ನ್ಯಾಯಾಲಯಗಳು ಬೇರೆ, ಒಕ್ಕೂಟ ಸರಕಾರದ ಫೆಡರಲ್ ನ್ಯಾಯಾಲಯಗಳು ಬೇರೆ. ಫೆಡರಲ್ ನ್ಯಾಯಾಲಯಗಳಿಗಾಗಿ ೧೯೮೭ರ ನವೆಂಬರಿನಿಂದ ಶಿಕ್ಷೆಯ ಸೂತ್ರಗಳು ಜಾರಿಯಲ್ಲಿವೆ. ೨೦೦೫ರಿಂದ ಅವು ನ್ಯಾಯಾಧೀಶರನ್ನು ಕಟ್ಟಿಹಾಕುವ ಆಜ್ಞೆಗಳಾಗಿ ಉಳಿದಿಲ್ಲ, ಸಲಹೆಗಳಾಗಿವೆ; ಆದರೂ ಲೆಕ್ಕ ಮೊದಲಾಗುವುದು ಅವುಗಳಿಂದಲೇ. ಅಪರಾಧದ ಗುರುತ್ವವನ್ನು ೪೩ ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಮಾದಕ ಪದಾರ್ಥಗಳ ಮೊಕದ್ದಮೆಯಲ್ಲಿ ಆರೋಪಿಯು ಯಾವ ಮೆಟ್ಟಿಲಿನಲ್ಲಿ ನಿಲ್ಲುತ್ತಾನೆಂಬುದನ್ನು ಅಲ್ಲಿಯೂ ಮುಖ್ಯವಾಗಿ ತೂಕವೇ ಗೊತ್ತುಮಾಡುತ್ತದೆ. ಆದರೆ ತಪ್ಪೊಪ್ಪಿಕೊಂಡು ಹೊಣೆ ಹೊತ್ತವನಿಗೆ ಎರಡು ಮೆಟ್ಟಿಲ ಇಳಿಕೆಯುಂಟು. ೧೬ನೆಯ ಅಥವಾ ಅದಕ್ಕಿಂತ ಮೇಲಿನ ಮೆಟ್ಟಿಲಲ್ಲಿರುವವನು ಬೇಗನೆ ಒಪ್ಪಿಕೊಂಡರೆ, ಸರಕಾರಿ ವಕೀಲರ ಕೋರಿಕೆಯ ಮೇರೆಗೆ ಮೂರನೆಯದೊಂದು ಮೆಟ್ಟಿಲೂ ಇಳಿಯುತ್ತದೆ. ಹಿಂದೆ ಶಿಕ್ಷೆಯಾಗದ ಒಬ್ಬನು ೨೬ನೆಯ ಮೆಟ್ಟಿಲಲ್ಲಿದ್ದನೆನ್ನಿ. ಅವನಿಗೆ ಸೂತ್ರ ಹೇಳುವ ಸೆರೆವಾಸ ೬೩ರಿಂದ ೭೮ ತಿಂಗಳು. ಮೂರು ಮೆಟ್ಟಿಲು ಇಳಿದರೆ ಅದು ೪೬ರಿಂದ ೫೭ ತಿಂಗಳಾಗುತ್ತದೆ. ‘ತಪ್ಪಾಯಿತು’ ಎಂಬ ಮಾತಿಗೆ ಅಲ್ಲಿ ಸುಮಾರು ಒಂದೂವರೆ ವರ್ಷದ ಬೆಲೆ ಬಿದ್ದಂತಾಯಿತು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವುಂಟು. ಮೊದಲೆರಡು ಮೆಟ್ಟಿಲು ಪಶ್ಚಾತ್ತಾಪಕ್ಕೆ ಸಂದ ಬೆಲೆಯೆನ್ನಬಹುದು. ಮೂರನೆಯದು ಹಾಗಲ್ಲ, ವಿಚಾರಣೆಗೆ ಸಿದ್ಧವಾಗುವ ಶ್ರಮವನ್ನು ಸರಕಾರಕ್ಕೆ ತಪ್ಪಿಸಿದ್ದಕ್ಕೆ ಅದು ಸಲ್ಲುತ್ತದೆ. ಕೊನೆಗೂ ಅದು ಸಮಯದ ಬೆಲೆ. ಇಂಗ್ಲೆಂಡಿನವರು ಇದನ್ನು ಇನ್ನೂ ನೇರವಾಗಿ ಹೇಳುತ್ತಾರೆ: ಮೊದಲ ಹಂತದಲ್ಲಿಯೇ ಒಪ್ಪಿದರೆ ಶಿಕ್ಷೆಯಲ್ಲಿ ಮೂರನೆಯ ಒಂದು ಪಾಲು ಕಡಿತ, ವಿಚಾರಣೆಯ ಮೊದಲ ದಿನದವರೆಗೆ ತಡೆದರೆ ಹತ್ತನೆಯ ಒಂದು ಪಾಲು ಮಾತ್ರ. ಸಂತೆ ಮುಗಿಯುವ ಹೊತ್ತಿಗೆ ಸರಕಿನ ಬೆಲೆ ಇಳಿಯುವಂತೆ ಮಾತಿನ ಬೆಲೆಯೂ ದಿನದಿನಕ್ಕೆ ಇಳಿಯುತ್ತದೆ.

ಅಮೆರಿಕದ ಇಳಿಕೆಗೂ ಒಂದು ಗೋಡೆ ಅಡ್ಡವಾಗಿದೆ. ೧೯೮೬ರ ಶಾಸನವು ಹಲವು ಪದಾರ್ಥಗಳಿಗೆ ಕನಿಷ್ಠ ಶಿಕ್ಷೆಯನ್ನು ಗೊತ್ತುಮಾಡಿತು. ಹೆರಾಯಿನ್ ಬೆರೆತ ಸರಕು ೧೦೦ ಗ್ರಾಂ ಆದರೆ ೫ ವರ್ಷ, ಒಂದು ಕಿಲೋ ಆದರೆ ೧೦ ವರ್ಷ. ಈ ಗೋಡೆಯನ್ನು ತಪ್ಪೊಪ್ಪಿಗೆಯೊಂದರಿಂದಲೇ ಹಾರಲಾಗದು. ಇತರರ ಹೆಸರು ಹೇಳಿ ತನಿಖೆಗೆ ಗಣನೀಯ ನೆರವು ಕೊಟ್ಟವನಿಗೆ, ಇಲ್ಲವೆ ೧೯೯೪ರ ಶಾಸನ ಹೇಳಿದ ನಿಬಂಧನೆಗಳಿಗೆಲ್ಲ ಸಲ್ಲುವ ಸಣ್ಣ ಅಪರಾಧಿಗೆ ಮಾತ್ರ ಅಲ್ಲೊಂದು ಕಿಂಡಿಯಿದೆ. ಆ ನ್ಯಾಯಾಲಯಗಳಲ್ಲಿ ಶಿಕ್ಷೆಗೊಳಗಾಗುವವರ ಪೈಕಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ವಿಚಾರಣೆಯೇ ಇಲ್ಲದೆ ತಪ್ಪೊಪ್ಪಿಕೊಂಡವರು. ನ್ಯಾಯಾಲಯವು ನ್ಯಾಯವನ್ನು ಶೋಧಿಸುವ ಸ್ಥಳವೋ, ಬೆಲೆಯನ್ನು ಕುದುರಿಸುವ ಸ್ಥಳವೋ ಎಂದು ಆ ದೇಶದ ವಿಚಾರವಂತರು ಕೇಳುತ್ತಿರುವುದು ಸುಮ್ಮನೆ ಅಲ್ಲ.

ನಮ್ಮಲ್ಲಿ ನಡೆದು ಬಂದ ದಾರಿ

ನಮ್ಮ ಸರ್ವೋಚ್ಚ ನ್ಯಾಯಾಲಯವು ಈ ಕುದುರಿಸುವಿಕೆಯನ್ನು ಬಹುಕಾಲ ಬಾಗಿಲೊಳಗೆ ಬಿಟ್ಟುಕೊಳ್ಳಲಿಲ್ಲ. ೧೯೭೬ರಲ್ಲಿ ಆಹಾರ ಕಲಬೆರಕೆಯ ಮೊಕದ್ದಮೆಯೊಂದರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣಯ್ಯರ್ ಅದನ್ನು ಕಟುವಾಗಿ ಟೀಕಿಸಿದರು. ೧೯೮೦ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಇಂಥ ಚೌಕಾಶಿ ಸಂವಿಧಾನಕ್ಕೇ ವಿರುದ್ಧವಾದುದೆಂದರು. ೧೯೮೩ರಲ್ಲಿ ವರದಿಯಾದ ಇನ್ನೊಂದು ತೀರ್ಪು ನಮ್ಮ ರಾಜ್ಯದ್ದೇ. ತಿಪ್ಪಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ ಎಂಬುದು ಅದರ ಹೆಸರು. ಹಗುರಾದ ಶಿಕ್ಷೆಯಾದೀತೆಂಬ ಭರವಸೆಯ ಮೇಲೆ ಆರೋಪಿ ತಪ್ಪೊಪ್ಪಿಕೊಂಡಿದ್ದನು; ಮೇಲಿನ ನ್ಯಾಯಾಲಯವು ಶಿಕ್ಷೆಯನ್ನು ಹೆಚ್ಚಿಸಿತು. ಭರವಸೆ ಕೊಟ್ಟು ಒಪ್ಪಿಸಿ ಅನಂತರ ಶಿಕ್ಷೆಯನ್ನು ಏರಿಸುವುದು ಸಂವಿಧಾನದ ೨೧ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಮಾತು ಕೊಟ್ಟು ತಪ್ಪಬಾರದೆಂಬ ಲೋಕನೀತಿಯೇ ಇಲ್ಲಿ ನ್ಯಾಯದ ಮಾತಾಯಿತೆನ್ನಬೇಕು.

ಆದರೆ ಮೊಕದ್ದಮೆಗಳ ರಾಶಿ ಬೆಳೆಯುತ್ತ ಹೋಯಿತು. ೧೯೯೧ರಲ್ಲಿ ಕಾನೂನು ಆಯೋಗವು ತನ್ನ ೧೪೨ನೆಯ ವರದಿಯಲ್ಲಿ, ತಾವಾಗಿ ತಪ್ಪೊಪ್ಪುವವರಿಗೆ ರಿಯಾಯಿತಿ ತೋರುವ ವ್ಯವಸ್ಥೆಯನ್ನು ಸೂಚಿಸಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯೂ ೨೦೦೩ರ ವರದಿಯಲ್ಲಿ ಅದನ್ನು ಎತ್ತಿಹಿಡಿಯಿತು. ೨೦೦೬ರ ಜುಲೈ ೫ರಿಂದ ತಪ್ಪೊಪ್ಪಿಗೆಯ ಚೌಕಾಶಿ ನಮ್ಮ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅಧಿಕೃತವಾಗಿ ಸೇರಿತು. ೨೦೨೪ರ ಜುಲೈ ೧ರಿಂದ ಆ ಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಅದನ್ನು ಉಳಿಸಿಕೊಂಡಿದೆ. ಮೊದಲ ಬಾರಿಗೆ ಸಿಕ್ಕಿಬಿದ್ದವನಿಗೆ ರಿಯಾಯಿತಿಯನ್ನು ಹೆಚ್ಚಿಸಿಯೂ ಇದೆ. ಕನಿಷ್ಠ ಶಿಕ್ಷೆ ಗೊತ್ತಾಗಿರದ ಅಪರಾಧದಲ್ಲಿ ಅಂಥವನಿಗೆ ವಿಧಿಸಬಹುದಾದ ಸೆರೆವಾಸ ಗರಿಷ್ಠ ಶಿಕ್ಷೆಯ ಆರನೆಯ ಒಂದು ಪಾಲು. ಉಳಿದವರಿಗೆ ನಾಲ್ಕನೆಯ ಒಂದು ಪಾಲು. ಆರೋಪವನ್ನು ಹೊರಿಸಿದ ೩೦ ದಿನಗಳೊಳಗೆ ಅರ್ಜಿ ಕೊಡಬೇಕು. ಅರ್ಜಿ ಕೊಟ್ಟವನನ್ನು ನ್ಯಾಯಾಧೀಶರು ಏಕಾಂತದಲ್ಲಿ ವಿಚಾರಿಸಿ, ಅದು ಸ್ವಂತ ಇಚ್ಛೆಯಿಂದ ಬಂದುದೇ ಎಂದು ತಿಳಿದುಕೊಳ್ಳಬೇಕು. ಆ ಹೊತ್ತಿನಲ್ಲಿ ಎದುರು ಪಕ್ಷದವರು ಅಲ್ಲಿರಕೂಡದು.

ಈ ಬಾಗಿಲು ಎಲ್ಲರಿಗೂ ತೆರೆದಿಲ್ಲ. ೭ ವರ್ಷಗಳಿಗಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳು ಅದರ ಹೊರಗೆ. ಗಾಂಜಾದ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಿದರೆ, ಒಂದು ಕಿಲೋದ ಒಳಗಿನವನು ಮಾತ್ರ ಬಾಗಿಲವರೆಗೆ ಬರಬಲ್ಲನು. ಅವನಿಗೂ ಅದರ ಅಗತ್ಯ ಅಷ್ಟಾಗಿಲ್ಲ; ಚೌಕಾಶಿಯ ಅರ್ಜಿಯಿಲ್ಲದೆ ನೇರವಾಗಿ ‘ಒಪ್ಪಿದೆ’ ಎಂದರೂ ದಂಡವೊಂದರಲ್ಲಿ ಮುಗಿಸಲು ನ್ಯಾಯಾಧೀಶರಿಗೆ ಅಧಿಕಾರವಿದೆ. ಶಿಕ್ಷೆ ಹಗುರಾದಲ್ಲಿ ತಪ್ಪೊಪ್ಪಿಗೆಗೆ ಬೆಲೆಯುಂಟು. ಶಿಕ್ಷೆ ಘೋರವಾದಲ್ಲಿ, ಎಂದರೆ ಬೆಲೆ ನಿಜವಾಗಿ ಬೇಕಾದಲ್ಲಿ, ಯಾವ ಭರವಸೆಯೂ ಇಲ್ಲ. ಅಮೆರಿಕದಲ್ಲಿ ಗೋಡೆಗೊಂದು ಕಿಂಡಿಯಾದರೂ ಇದೆ; ನಮ್ಮಲ್ಲಿ ಆ ಕಿಂಡಿಯೂ ಬಹು ಕಿರಿದು. ಇಪ್ಪತ್ತು ಕಿಲೋದ ಗೆರೆ ದಾಟಿದವನು ಎಷ್ಟೇ ಮನಸಾರೆ ತಪ್ಪೊಪ್ಪಿಕೊಂಡರೂ ನ್ಯಾಯಾಧೀಶರು ಹತ್ತು ವರ್ಷಕ್ಕಿಂತ ಒಂದು ದಿನವನ್ನೂ ಕಡಿಮೆ ಮಾಡುವಂತಿಲ್ಲ.

ಮೂವರು, ಮೂರು ಬೆಲೆ

ಕಾಯಿದೆಯ ಲೆಕ್ಕ ಮನುಷ್ಯನ ಬಾಳಿನಲ್ಲಿ ಹೇಗೆ ಕೂಡುತ್ತದೆ ಕಳೆಯುತ್ತದೆ ಎಂಬುದನ್ನು ತಿಳಿಯಲು ಮೂವರನ್ನು ಕಲ್ಪಿಸಿಕೊಳ್ಳೋಣ. ಇವರು ಯಾರೂ ನಿಜವಾದ ವ್ಯಕ್ತಿಗಳಲ್ಲ. ಆದರೆ ಇವರ ಇಕ್ಕಟ್ಟು ನಿಜವಾದುದು.

ಮೊದಲನೆಯವನು ಭಟಕಳದ ತರುಣ. ಆ ಊರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಕೊಲ್ಲಿ ದೇಶಗಳಲ್ಲಿ ದುಡಿಯುವವರ ಹಣದಿಂದ. ಈತನಿಗೂ ದುಬಾಯಿಯಲ್ಲಿ ಕೆಲಸ ಕಾದಿದೆ. ಗೆಳೆಯರೊಡನೆ ಕಾರಿನಲ್ಲಿ ಹೋಗುವಾಗ ಸೀಟಿನ ಕೆಳಗೆ ಇನ್ನೂರು ಗ್ರಾಂ ಗಾಂಜಾ ಸಿಕ್ಕಿತು. ಪೊಟ್ಟಣ ಈತನದಲ್ಲ. ಆದರೆ ೧೯೬೭ರ ಪಾಸ್‌ಪೋರ್ಟ್ ಕಾಯಿದೆಯ ೬ನೆಯ ಕಲಮಿನ ಪ್ರಕಾರ ಕ್ರಿಮಿನಲ್ ಮೊಕದ್ದಮೆ ಬಾಕಿಯಿದ್ದರೆ ಪಾಸ್‌ಪೋರ್ಟನ್ನು ನಿರಾಕರಿಸಬಹುದು. ನ್ಯಾಯಾಲಯದ ಅನುಮತಿ ಪಡೆದರೆ ದೊರೆಯುವುದುಂಟು, ಅದಕ್ಕೆ ಬೇರೆ ಅರ್ಜಿ, ಬೇರೆ ಅಲೆದಾಟ. ‘ಒಪ್ಪಿಕೊಂಡು ದಂಡ ಕಟ್ಟಿಬಿಡು ಮಾರಾಯಾ, ಇವತ್ತೇ ಮುಗಿಯುತ್ತದೆ’ ಎಂದು ಹಿತೈಷಿಗಳು ಹೇಳುತ್ತಾರೆ. ಅವನು ಒಪ್ಪುತ್ತಾನೆ. ಮೊಕದ್ದಮೆ ಮುಗಿಯಿತು ನಿಜ. ಆದರೆ ಅಪರಾಧಿಯೆಂಬ ದಾಖಲೆ ಮುಗಿಯಲಿಲ್ಲ. ನಾಳೆ ಹೊರದೇಶದವರು ಪೋಲೀಸರ ಸರ್ಟಿಫಿಕೇಟು ಕೇಳಿದಾಗ ಅದು ಎದ್ದು ಬರುತ್ತದೆ. ಇದೇ ಕಾಯಿದೆಯ ಕೆಳಗೆ ಇಂಥದೇ ಅಪರಾಧಕ್ಕಾಗಿ ಇನ್ನೊಮ್ಮೆ ಸಿಕ್ಕಿಬಿದ್ದರೆ ಶಿಕ್ಷೆಯ ಗರಿಷ್ಠ ಮಿತಿ ಒಂದೂವರೆ ಪಟ್ಟಾಗುತ್ತದೆ. ತಪ್ಪೊಪ್ಪಿಗೆಯ ಮೇಲೆ ಆದ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ಶಿಕ್ಷೆಯ ಪ್ರಮಾಣವನ್ನೋ ಅದರ ನ್ಯಾಯಬದ್ಧತೆಯನ್ನೋ ಮಾತ್ರ ಪ್ರಶ್ನಿಸಬಹುದು.

ಎರಡನೆಯವನು ಹೊನ್ನಾವರದಲ್ಲಿ ದೋಣಿಯ ಮೇಲೆ ದುಡಿಯುವವನು. ಪರಿಚಯದವನೊಬ್ಬ ಕೊಟ್ಟ ಚೀಲವನ್ನು ಸ್ವಲ್ಪ ಹಣದಾಸೆಗೆ ಬಸ್ಸಿನಲ್ಲಿ ತಂದನು. ಒಳಗೆ ಒಂದೂಕಾಲು ಕಿಲೋ ಗಾಂಜಾ. ಒಂದು ಕಿಲೋದ ಗೆರೆ ದಾಟಿತು. ಮೊಕದ್ದಮೆ ವಿಶೇಷ ನ್ಯಾಯಾಲಯಕ್ಕೆ, ಕಾರವಾರದ ದಾರಿಗೆ ಬಿದ್ದಿತು. ಜಾಮೀನಿಗೆ ನಿಲ್ಲುವವರಿಲ್ಲ. ತಿಂಗಳುಗಳು ಕಳೆದುವು. ಮನೆಯಲ್ಲಿ ಹೆಂಡತಿ ಮೀನಿನ ಬುಟ್ಟಿ ಹೊತ್ತು ಮಕ್ಕಳನ್ನು ಸಾಕುತ್ತಿದ್ದಾಳೆ. ಒಂದು ಮುದ್ದತ್ತಿಗೆ ಪಂಚರು ಬರಲಿಲ್ಲ, ಇನ್ನೊಂದಕ್ಕೆ ಪ್ರಯೋಗಶಾಲೆಯ ವರದಿ ಬರಲಿಲ್ಲ. ಈ ಮಧ್ಯಮ ಪ್ರಮಾಣಕ್ಕೆ ಕನಿಷ್ಠ ಶಿಕ್ಷೆಯೆಂಬುದಿಲ್ಲ. ಆದ್ದರಿಂದ ತಪ್ಪೊಪ್ಪಿಕೊಂಡರೆ, ಈವರೆಗೆ ಅನುಭವಿಸಿದ ಸೆರೆವಾಸವೇ ಸಾಕೆಂದು ನ್ಯಾಯಾಧೀಶರು ಮನೆಗೆ ಕಳಿಸಿಯಾರು. ಹತ್ತು ವರ್ಷಗಳಿಗೆ ಒಳಗಿನ ಬೇರೆ ಯಾವ ಅಂಕಿಯನ್ನೂ ಹೇಳಿಯಾರು. ಭರವಸೆ ಕೊಡುವ ಅಧಿಕಾರ ಯಾರಿಗೂ ಇಲ್ಲ. ಈಗ ವಿಚಿತ್ರವನ್ನು ನೋಡಿರಿ: ಚೀಲದಲ್ಲೇನಿತ್ತೆಂದು ತನಗೆ ತಿಳಿದಿರಲಿಲ್ಲವೆಂದು ಹಟ ಹಿಡಿದರೆ ಅವನು ಸೆರೆಯಲ್ಲಿಯೇ ಉಳಿಯುತ್ತಾನೆ, ತಿಳಿದಿತ್ತೆಂದು ಒಪ್ಪಿದರೆ ಬಹುಶಃ ಮನೆ ಸೇರುತ್ತಾನೆ. ನಿಜ ಯಾವುದಾದರೂ ಆಗಲಿ, ಅವನ ಬಾಯಿಂದ ಯಾವ ಮಾತು ಹೊರಡುತ್ತದೆಂಬುದನ್ನು ಊಹಿಸಲು ಬಹಳ ಬುದ್ಧಿ ಬೇಕಿಲ್ಲ. ‘ಗೆದ್ದವ ಸೋತ, ಸೋತವ ಸತ್ತ’ ಎಂದು ಕೋರ್ಟಿನ ವ್ಯಾಜ್ಯವನ್ನು ಕುರಿತು ನಮ್ಮ ಹಿರಿಯರು ಹೇಳಿದ ಗಾದೆ ಇಂಥವನ ಪಾಲಿಗೆ ಅಕ್ಷರಶಃ ನಿಜ.

ಮೂರನೆಯವನು ಕುಮಟೆಯ ಹತ್ತಿರ ಹೆದ್ದಾರಿಯಲ್ಲಿ ತಡೆದು ನಿಲ್ಲಿಸಿದ ಸರಕಿನ ಗಾಡಿಯ ಚಾಲಕ. ಮಾಲು ಇನ್ನಾರದೋ, ಲಾಭ ಇನ್ನಾರಿಗೋ. ತೂಕ ಇಪ್ಪತ್ತೊಂದು ಕಿಲೋ. ತಿಳಿದೇ ಸಾಗಿಸುತ್ತಿದ್ದನೆಂದು ಕಾಯಿದೆ ಊಹಿಸಿಕೊಳ್ಳುತ್ತದೆ. ಇಲ್ಲವೆಂದು ತೋರಿಸುವ ಭಾರ ಅವನದು. ಅವನು ನಿಜವಾಗಿ ಪಶ್ಚಾತ್ತಾಪಪಟ್ಟು ಮೊದಲ ದಿನವೇ ಒಪ್ಪಿಕೊಂಡರೂ ಹತ್ತು ವರ್ಷ. ಹೋರಾಡಿ ಸೋತರೂ ಹತ್ತು ವರ್ಷದಿಂದಲೇ ಲೆಕ್ಕ ಆರಂಭ. ಹೀಗಾದ ಮೇಲೆ ಯಾರು ತಾನೆ ಒಪ್ಪಿಯಾನು? ಅವನ ಪಶ್ಚಾತ್ತಾಪವನ್ನು ಕೊಳ್ಳುವವರಿಲ್ಲ. ಸರಕಾರವು ಬಯಸಿದರೆ ಸತ್ಯವನ್ನು ಪೂರ್ತಿಯಾಗಿ ಬಿಚ್ಚಿಡುವವನಿಗೆ ಮೊಕದ್ದಮೆಯಿಂದಲೇ ರಕ್ಷಣೆ ಕೊಡಬಹುದೆಂದು ೬೪ನೆಯ ಕಲಮು ಹೇಳುತ್ತದೆ. ಆದರೆ ಆ ಕೀಲಿಕೈ ಸರಕಾರದ ಹತ್ತಿರವಿದೆ, ಆರೋಪಿಯ ಹತ್ತಿರವಲ್ಲ.

ಒಂದೇ ಮಾತು ಒಬ್ಬನಿಗೆ ತೀರ ಅಗ್ಗ, ಇನ್ನೊಬ್ಬನಿಗೆ ಜೂಜು, ಮತ್ತೊಬ್ಬನಿಗೆ ವ್ಯರ್ಥ. ಮೂವರಲ್ಲಿ ಯಾರೊಬ್ಬನಿಗೂ ಅದು ನಿಜಕ್ಕೆ ಸಂದ ಬೆಲೆಯಾಗಲಿಲ್ಲ. ನನ್ನನ್ನು ಕಾಡುವುದು ಇದೇ.

ಅವನದೇ ಮಾತಿನಲ್ಲಿ

ಇಲ್ಲಿ ಎರಡು ಬಗೆಯ ಒಪ್ಪಿಗೆಗಳನ್ನು ಬೇರ್ಪಡಿಸಿ ನೋಡಬೇಕು. ಪೋಲೀಸರೆದುರು ಆಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲವೆಂಬುದು ನಮ್ಮಲ್ಲಿ ಹಳೆಯ ನಿಯಮ. ಮಾದಕ ಪದಾರ್ಥಗಳ ಕಾಯಿದೆಯ ಅಧಿಕಾರಿಗಳೆದುರು ಆಡಿದ್ದಕ್ಕೂ ಇದೇ ನಿಯಮವೆಂದು ೨೦೨೦ರ ಅಕ್ಟೋಬರ್ ೨೯ರಂದು ತೂಫಾನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆದುದರಿಂದ ಠಾಣೆಯಲ್ಲಿ ಏನನ್ನೋ ಬರೆದು ರುಜು ಹಾಕಿದ್ದೇನೆ, ಇನ್ನು ಕೋರ್ಟಿನಲ್ಲಿ ಒಪ್ಪದೆ ಗತಿಯಿಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ. ನ್ಯಾಯಾಧೀಶರ ಮುಂದೆ ಆಡುವ ಮಾತೇ ಬೇರೆ, ಅದರ ಫಲವೇ ಬೇರೆ.

ಆ ಮಾತನ್ನು ದಾಖಲಿಸುವ ಬಗೆಯನ್ನು ಕುರಿತು ಸಂಹಿತೆಯಲ್ಲೊಂದು ಸೊಗಸಾದ ನಿಯಮವಿದೆ. ಕಿರು ಪ್ರಮಾಣದ ಪ್ರಕರಣಗಳಂಥ ಚಿಕ್ಕ ಮೊಕದ್ದಮೆಗಳಲ್ಲಿ ಆರೋಪಿಯ ತಪ್ಪೊಪ್ಪಿಗೆಯನ್ನು ಆದಷ್ಟು ಮಟ್ಟಿಗೆ ಅವನೇ ಬಳಸಿದ ಶಬ್ದಗಳಲ್ಲಿ ಬರೆದುಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಈ ನಿಯಮಕ್ಕೆ ವಿಶೇಷವಾದ ಅರ್ಥವಿದೆ. ಇಲ್ಲಿ ಒಬ್ಬನ ಮನೆಮಾತು ಕೊಂಕಣಿ, ಇನ್ನೊಬ್ಬನದು ನವಾಯತಿ, ಮತ್ತೊಬ್ಬನದು ಹಾಲಕ್ಕಿಗಳ ಕನ್ನಡ. ಕಚೇರಿಯ ಕನ್ನಡ ಯಾರ ಮನೆಯ ಮಾತೂ ಅಲ್ಲ. ‘ತಪ್ಪಾಯ್ತು ಒಡೆಯಾ’ ಎಂದು ಕೈಮುಗಿಯುವ ಬಡವನೊಬ್ಬನು ಅಪರಾಧವನ್ನು ಒಪ್ಪುತ್ತಿದ್ದಾನೆಂದೇ ಹೇಳಲಾಗದು. ದೊಡ್ಡವರ ಎದುರು ನಿಲ್ಲಬೇಕಾದಾಗ ಆಡುವ ವಿನಯದ ಮಾತು ಅದು. ಸಿಟ್ಟಿನಲ್ಲಿದ್ದವರನ್ನು ತಣಿಸುವ ಮಾತು. ‘ಆರೋಪಿಯು ಅಪರಾಧವನ್ನು ಒಪ್ಪಿರುತ್ತಾನೆ’ ಎಂಬ ಒಂದೇ ಸಾಲಿಗೆ ಅದನ್ನು ಇಳಿಸಿದರೆ ವಿನಯವೇ ಅಪರಾಧವಾಗಿ ಹೋಗುತ್ತದೆ. ಅವನದೇ ಶಬ್ದಗಳಲ್ಲಿ ಬರೆಯಬೇಕೆಂದು ಕಟ್ಟಳೆ ಮಾಡಿದವರು ಭಾಷೆಯ ಈ ಮರ್ಮವನ್ನು ಬಲ್ಲವರಾಗಿರಬೇಕು.

ಬೆಲೆಯನ್ನು ಕೇಳದೆ ತಪ್ಪೊಪ್ಪಿಕೊಂಡ ಒಂದು ಉದಾಹರಣೆ ನಮ್ಮ ಇತಿಹಾಸದಲ್ಲಿದೆ. ೧೯೨೨ರ ಮಾರ್ಚ್ ೧೮ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ಆರೋಪಕ್ಕೆ ಉತ್ತರವಾಗಿ ಗಾಂಧೀಜಿಯವರು ಅಪರಾಧವನ್ನು ಒಪ್ಪಿಕೊಂಡರು; ರಿಯಾಯಿತಿಯನ್ನಲ್ಲ, ಅತ್ಯಂತ ಕಠಿಣ ಶಿಕ್ಷೆಯನ್ನು ಬೇಡಿದರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷಗಳ ಶಿಕ್ಷೆಯನ್ನು ವಿಧಿಸಿದರು. ಸರಕಾರವು ಅದನ್ನು ಕಡಿಮೆ ಮಾಡಲು ಸಾಧ್ಯವಾದರೆ ತಮಗಿಂತ ಹೆಚ್ಚು ಸಂತೋಷಪಡುವವರಿಲ್ಲವೆಂದೂ ಹೇಳಿದರು. ಅಂದು ಒಪ್ಪಿಕೊಂಡವರಿಗೆ ತಾವು ಏನನ್ನು ಒಪ್ಪುತ್ತಿದ್ದೇವೆ, ಅದರ ಫಲವೇನು ಎಂಬುದು ಪೂರ್ಣವಾಗಿ ಗೊತ್ತಿತ್ತು. ಮಹಾತ್ಮರ ಧೈರ್ಯವನ್ನು ದೋಣಿಯ ಕೂಲಿಯವನಿಂದ ನಿರೀಕ್ಷಿಸುವುದು ಅನ್ಯಾಯ. ಆದರೆ ಅವರಿಗಿದ್ದ ತಿಳಿವಳಿಕೆಯನ್ನು ಅವನಿಗೆ ಒದಗಿಸಿಕೊಡುವುದು ಅಶಕ್ಯವೇನಲ್ಲ.

ಪಕ್ಕದಲ್ಲಿಯೇ ಇರುವ ಬಾಗಿಲು

ಈ ತಿಳಿವಳಿಕೆಯಲ್ಲಿ ಮೊದಲನೆಯದು, ಬಡವನಿಗೆ ವಕೀಲರ ನೆರವು ಭಿಕ್ಷೆಯಲ್ಲ, ಹಕ್ಕು ಎಂಬುದು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಬಂಧನದಲ್ಲಿರುವವರು, ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡಗಳವರು ಮೊದಲಾದವರಿಗೆಲ್ಲ ಉಚಿತವಾಗಿ ವಕೀಲರನ್ನು ಕೊಡಬೇಕು. ತಾಲೂಕಿಗೊಂದು ಸಮಿತಿ ಇದಕ್ಕಾಗಿಯೇ ಇದೆ. ಆರೋಪಿ ಕೇಳಲಿಲ್ಲವೆಂಬುದು ಕಾರಣವಾಗದೆಂದೂ, ಹಕ್ಕನ್ನು ಅವನಿಗೆ ತಿಳಿಸಿ ಹೇಳಬೇಕಾದವರು ನ್ಯಾಯಾಧೀಶರೇ ಎಂದೂ ಸರ್ವೋಚ್ಚ ನ್ಯಾಯಾಲಯ ೧೯೮೬ರಲ್ಲಿ ಸುಖದಾಸ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ವಕೀಲರೊಡನೆ ಒಂದು ಗಳಿಗೆಯಾದರೂ ಮಾತನಾಡದೆ ಯಾವ ಹುಡುಗನೂ ‘ಒಪ್ಪಿದೆ’ ಎನ್ನಬಾರದು.

ಎರಡನೆಯದು ಇನ್ನೂ ಮುಖ್ಯವಾದುದು. ವ್ಯಸನಕ್ಕೆ ಬಿದ್ದವನಿಗೆ ಇದೇ ಕಠಿಣವಾದ ಕಾಯಿದೆಯು ಎರಡು ಮೃದುವಾದ ಬಾಗಿಲುಗಳನ್ನು ಇಟ್ಟಿದೆ. ೬೪–ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಕಿರು ಪ್ರಮಾಣದ ಆರೋಪವನ್ನು ಹೊತ್ತ ವ್ಯಸನಿಯು ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ತಾನಾಗಿ ಒಪ್ಪಿ ಅದನ್ನು ಪೂರೈಸಿದರೆ ಆ ಮೊಕದ್ದಮೆಯಿಂದಲೇ ರಕ್ಷಣೆಯುಂಟು. ೩೯ನೆಯ ಕಲಮಿನ ಪ್ರಕಾರ, ಇಂಥ ಪ್ರಕರಣದಲ್ಲಿ ಅಪರಾಧಿಯೆಂದು ತೀರ್ಮಾನವಾದ ಮೇಲೂ ಸೆರೆಗೆ ಕಳಿಸುವ ಬದಲು ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು. ದಂಡ ಕಟ್ಟಿ ಹೊರಬಂದ ಹುಡುಗ ಸಂಜೆಗೆ ಅದೇ ಕಡಲ ದಂಡೆಗೆ, ಅದೇ ಗೆಳೆಯರ ಬಳಿಗೆ ಹೋಗುತ್ತಾನೆ. ಚಿಕಿತ್ಸೆಗೆ ಹೋದವನು ಮನೆಗೆ ಬರುವ ಸಂಭವವಾದರೂ ಇದೆ. ತಪ್ಪೊಪ್ಪಿಗೆಯ ಹಿಂದಿರುವ ಪಶ್ಚಾತ್ತಾಪ ನಿಜವಾದುದಾದರೆ ಅದಕ್ಕೆ ಸಲ್ಲಬೇಕಾದ ಬೆಲೆ ಇದೇ ಅಲ್ಲವೆ?

ಇನ್ನು, ಕಾಯಿದೆಯನ್ನು ಮಾಡುವವರು ಯೋಚಿಸಬೇಕಾದ ಮಾತೊಂದಿದೆ. ಮಾದಕ ಪದಾರ್ಥಗಳ ವ್ಯಾಪಾರಿಗೆ ದಯೆ ತೋರಬೇಕೆಂದು ನಾನು ವಾದಿಸುತ್ತಿಲ್ಲ. ಅವನಿಂದ ಹಾಳಾದ ಮನೆಗಳನ್ನು ಕಂಡವರು ಹಾಗೆ ವಾದಿಸಲಾರರು. ಆದರೆ ವ್ಯಾಪಾರಿ ಮತ್ತು ಅವನ ಹೊರೆಯಾಳು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಹೊರೆಯಾಳು ನಿಜವನ್ನು ಹೇಳಿದರೂ ಹೇಳದಿದ್ದರೂ ಒಂದೇ ಎಂದರೆ ನಿಜ ಹೇಳುವವರು ಉಳಿಯುವುದಿಲ್ಲ. ಹೊರೆ ಹೊರಿಸಿದವನ ಹೆಸರೂ ಹೊರಬರುವುದಿಲ್ಲ. ಅಮೆರಿಕದವರಂತೆ ನೂರಕ್ಕೆ ತೊಂಬತ್ತೈದು ಜನರನ್ನು ವಿಚಾರಣೆಯಿಲ್ಲದೆ ಸಾಗಹಾಕುವುದು ಬೇಡ. ಆದರೆ ನ್ಯಾಯಾಧೀಶರು ಏಕಾಂತದಲ್ಲಿ ವಿಚಾರಿಸಿ, ಇದು ಭಯದಿಂದಲೋ ಬಡತನದಿಂದಲೋ ಬಂದ ಮಾತಲ್ಲ, ನಿಜವಾದ ಒಪ್ಪಿಗೆಯೆಂದು ಕಂಡುಕೊಂಡಾಗ, ಅದಕ್ಕೆ ತಕ್ಕ ಬೆಲೆಯನ್ನು ಕಟ್ಟುವಷ್ಟು ಸ್ವಾತಂತ್ರ್ಯ ದೊಡ್ಡ ಮೊಕದ್ದಮೆಗಳಲ್ಲಿಯೂ ಅವರಿಗಿರಬೇಕು.

ಅದು ದಿಲ್ಲಿಯಲ್ಲಿ ಆಗಬೇಕಾದ ಕೆಲಸ, ಕಾಲ ಹಿಡಿದೀತು. ನಮ್ಮ ಕೈಯಲ್ಲಿಯೇ ಇರುವ ಕೆಲಸಕ್ಕೆ ತಿದ್ದುಪಡಿ ಬೇಕಿಲ್ಲ. ಭಟಕಳದ ಜಮಾತಿನ ಹಿರಿಯರು, ಹೊನ್ನಾವರದ ಮೀನುಗಾರರ ಸಂಘಗಳವರು, ಕುಮಟೆ ಗೋಕರ್ಣಗಳ ಶಾಲಾ ಕಾಲೇಜುಗಳ ಉಪಾಧ್ಯಾಯರು ತಂತಮ್ಮ ಹುಡುಗರಿಗೆ ಮೂರು ಮಾತು ಹೇಳಿಕೊಟ್ಟರೆ ಸಾಕು: ಬೇರೆಯವರ ಚೀಲವನ್ನು ಹೊರಬೇಡ, ಸಿಕ್ಕಿಬಿದ್ದರೆ ವಕೀಲರನ್ನು ಕಾಣುವ ಮೊದಲು ಒಪ್ಪಬೇಡ, ವ್ಯಸನ ಹತ್ತಿದ್ದರೆ ಅದನ್ನು ಮುಚ್ಚಿಡದೆ ಚಿಕಿತ್ಸೆಯನ್ನು ಕೇಳು. ‘ಒಪ್ಪಿಕೊಂಡು ದಂಡ ಕಟ್ಟು, ಮುಗಿಯಲಿ’ ಎಂದು ಅವಸರದ ಉಪದೇಶ ಮಾಡುವ ಹಿತೈಷಿಗಳೂ ಇನ್ನು ಮೇಲೆ ಒಂದು ಗಳಿಗೆ ತಡೆದು, ‘ನಿಜವಾಗಿ ನೀನು ಮಾಡಿದ್ದು ಹೌದೇನೋ ತಮ್ಮಾ?’ ಎಂದು ಮೊದಲು ಕೇಳಲಿ. ಆ ಪ್ರಶ್ನೆಯನ್ನು ಯಾರಾದರೊಬ್ಬರು ಅವನಿಗೆ ಕೇಳಲೇಬೇಕು. ಕಟಕಟೆ ಏರುವ ಮುನ್ನ ಕೇಳಿದರೆ ಒಳ್ಳೆಯದು.